ಕಾರು ಖರೀದಿ: ವರ್ತಕನೇ ಗ್ರಾಹಕನಾದಾಗ

ಮಾಲೂರಿನ ಹೆಂಚು, ಇಟ್ಟಿಗೆ ಉದ್ಯಮಿಗಳ ವ್ಯವಹಾರ ಚಾತುರ್ಯವನ್ನು ಬಲ್ಲವರಿಗೆ ಒಂದು ಸಂಗತಿ ಸೋಜಿಗವೆನಿಸದೆ ಇರದು. ಸಾವಿರ ಇಟ್ಟಿಗೆಯ ದರದಲ್ಲಿ ಐವತ್ತು ರೂಪಾಯಿ ವ್ಯತ್ಯಾಸಕ್ಕಾಗಿ ಅರ್ಧ ದಿನ ಮಾತನಾಡುವ, ಸೌದೆ ಲೋಡಿನ ತೂಕದ ಚೀಟಿಯನ್ನು ಎರಡು ಬಾರಿ ನೋಡುವ, ಡೀಸೆಲ್ ದರ ಇಳಿದ ದಿನವೇ ಲಾರಿಯವರಿಗೆ ಬಾಡಿಗೆಯನ್ನು ನೆನಪಿಸುವ ನಮ್ಮ ಸದಸ್ಯ ಮಿತ್ರರು, ಹತ್ತು-ಹನ್ನೆರಡು ಲಕ್ಷ ರೂಪಾಯಿಯ ಕಾರು ಕೊಳ್ಳಲು ಷೋರೂಮಿನ ಗಾಜಿನ ಬಾಗಿಲು ದಾಟಿದೊಡನೆ, ಮೊದಲ ಸಲ ಮಾವನ ಮನೆಗೆ ಬಂದ ಅಳಿಯನಂತೆ ಸಂಕೋಚಪಡುತ್ತಾರೆ. ಕೊಟ್ಟ ಕಾಫಿಯನ್ನು ಕುಡಿಯುತ್ತಾರೆ. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕುತ್ತಾರೆ. ಬಣ್ಣವೊಂದನ್ನು ಬಿಟ್ಟು ಬೇರೇನನ್ನೂ ಒತ್ತಿ ಕೇಳುವುದಿಲ್ಲ. ವ್ಯಾಪಾರವೇ ವೃತ್ತಿಯಾದವನು ತಾನೇ ಗ್ರಾಹಕನಾದಾಗ ವ್ಯಾಪಾರವನ್ನು ಮರೆಯುವುದೇಕೆ?

ನಾನೂ ಈ ಮಾತಿಗೆ ಹೊರತಲ್ಲ. 2012ರ ಯುಗಾದಿಗೆ ಒಂದು ವಾರ ಮುಂಚೆ ಬೆಂಗಳೂರಿನ ಕಡೆಯ ಒಂದು ಷೋರೂಮಿನಲ್ಲಿ ಕಾರು ಕೊಂಡೆ. ‘ವಿಶೇಷ ರಿಯಾಯಿತಿ 40,000 ರೂ.’ ಎಂದು ದಪ್ಪಕ್ಷರಗಳಲ್ಲಿ ಬರೆದ ಚೀಟಿಯನ್ನು ಕಂಡು ಹಿಗ್ಗಿದ್ದೆ. ವರ್ಷದ ಲೆಕ್ಕ ಮುಗಿಸುವಾಗ ನಮ್ಮ ಆಡಿಟರು ಕಾಗದಗಳನ್ನು ಹರಡಿಕೊಂಡು ಕೂಡಿದರು. ಅದೇ ರಕ್ಷಣೆಯ ವಿಮೆ ಹೊರಗಡೆ ದೊರೆಯುತ್ತಿದ್ದ ದರಕ್ಕಿಂತ 14,000 ರೂ. ಹೆಚ್ಚು, ಮ್ಯಾಟು, ಸೀಟ್ ಕವರು, ಬಂಪರ್ ಗಾರ್ಡು ಮುಂತಾದ ‘ಕಡ್ಡಾಯ’ ಸಲಕರಣೆಗಳಿಗೆ 22,000 ರೂ.; ‘ಹ್ಯಾಂಡ್ಲಿಂಗ್ ಚಾರ್ಜು’ ಎಂಬ ಹೆಸರಿನಲ್ಲಿ 6,500 ರೂ. ಒಟ್ಟು 42,500 ರೂ. ಒಂದು ಕೈಯಿಂದ ಕೊಟ್ಟ ನಲವತ್ತು ಸಾವಿರವನ್ನು ಇನ್ನೊಂದು ಕೈಯಿಂದ ಬಡ್ಡಿಯೊಂದಿಗೆ ಹಿಂತೆಗೆದುಕೊಂಡಿದ್ದರು. “ಏನಣ್ಣಾ, ಸೌದೆ ಲೋಡು ಕೊಳ್ಳುವಾಗಲೂ ಹೀಗೇ ಮಾಡ್ತೀರಾ?” ಎಂದು ಆಡಿಟರು ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ಷೋರೂಮಿನವರನ್ನು ನಾನು ದೂರುವುದಿಲ್ಲ. ಅವರು ತಮ್ಮ ವ್ಯಾಪಾರವನ್ನು ಮಾಡಿದರು. ನಾನು ನನ್ನದನ್ನು ಮಾಡಲಿಲ್ಲ, ಅಷ್ಟೆ.

ನನ್ನ ಅಭಿಪ್ರಾಯವಿಷ್ಟು. ಕಾರು ಖರೀದಿ ಎಂಬುದು ಒಂದು ವ್ಯವಹಾರವಲ್ಲ. ಕಾರಿನ ಬೆಲೆ, ಹಳೆಯ ಕಾರಿನ ಬೆಲೆ, ಸಾಲ, ವಿಮೆ ಇವು ನಾಲ್ಕು ಬೇರೆ ಬೇರೆ ವ್ಯವಹಾರಗಳು. ಇವನ್ನು ಒಂದೇ ಚೀಟಿಯಲ್ಲಿ ಕಟ್ಟಿಕೊಡುವುದರಲ್ಲಿಯೇ ಮಾರುವವನ ಲಾಭ ಅಡಗಿದೆ, ಬಿಡಿಸಿ ನೋಡುವುದರಲ್ಲಿ ಕೊಳ್ಳುವವನ ಲಾಭವಿದೆ. ಆದರೆ ಈ ನಾಲ್ಕಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ. ಅದು ಷೋರೂಮಿನಲ್ಲಿ ಅಲ್ಲ, ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಕೇಳಿಕೊಳ್ಳಬೇಕಾದದ್ದು: ಕೊಳ್ಳುತ್ತಿರುವುದು ಯಾವ ವಾಹನ, ಯಾರ ಹೆಸರಿನಲ್ಲಿ?

‘ಸಂಸ್ಥೆಯ ಹೆಸರಿನಲ್ಲಿ ತೆಗೆದುಕೊಳ್ಳಿ, ಜಿಎಸ್‌ಟಿ ಪೂರಾ ವಾಪಸು ಬರುತ್ತದೆ’ ಎಂದು ಮಾರಾಟ ಪ್ರತಿನಿಧಿಗಳು ಹೇಳುವುದನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಈ ಮಾತು ಗೂಡ್ಸ್ ವಾಹನಕ್ಕೆ ನಿಜ, ಕಾರಿಗೆ ಸುಳ್ಳು. ಚಾಲಕನೂ ಸೇರಿ ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ ಕೊಟ್ಟ ತೆರಿಗೆಯನ್ನು ಇನ್‌ಪುಟ್ ತೆರಿಗೆಯಾಗಿ ಜಮೆ ಪಡೆಯಲು ಜಿಎಸ್‌ಟಿ ಕಾಯಿದೆಯ 17(5)ನೇ ಕಲಮು ಅವಕಾಶ ಕೊಡುವುದಿಲ್ಲ. ವಾಹನಗಳನ್ನೇ ಮಾರುವವರು, ಟ್ಯಾಕ್ಸಿ ಓಡಿಸುವವರು, ಚಾಲನಾ ಶಾಲೆಯವರು ಮಾತ್ರ ಇದಕ್ಕೆ ಹೊರತು. ಅಂತಹ ಕಾರಿನ ರಿಪೇರಿ, ವಿಮೆಗಳ ಮೇಲಿನ ತೆರಿಗೆಯೂ ಹಾಗೆಯೇ ನಿಂತುಹೋಗುತ್ತದೆ. ಸರಕು ಸಾಗಿಸುವ ವಾಹನಕ್ಕೆ ಈ ನಿರ್ಬಂಧವಿಲ್ಲ. ತೆರಿಗೆ ಬಿಟ್ಟು ಆರು ಲಕ್ಷ ರೂ. ಬೆಲೆಯ ಒಂದು ಕಾರನ್ನೂ ಅದೇ ಬೆಲೆಯ ಒಂದು ಸಣ್ಣ ಗೂಡ್ಸ್ ವಾಹನವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಎರಡಕ್ಕೂ ಶೇ. 18ರಂತೆ 1,08,000 ರೂ. ತೆರಿಗೆ. ಕಾರಿನ ಮಟ್ಟಿಗೆ ಅದು ಹೋದ ಹಣ. ಗೂಡ್ಸ್ ವಾಹನದ ಮಟ್ಟಿಗೆ ಅದು ಮುಂದಿನ ತಿಂಗಳುಗಳ ತೆರಿಗೆಯಲ್ಲಿ ವಜಾ ಆಗುವ ಹಣ. ಯಾವ ಷೋರೂಮಿನ ಯಾವ ರಿಯಾಯಿತಿಯೂ ಇದಕ್ಕೆ ಸಮವಾಗಲಾರದು.

ಆದರೆ ಇಲ್ಲಿಯೂ ಎಚ್ಚರ ಬೇಕು. ಜಮೆ ಪಡೆಯಬೇಕಾದರೆ ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕು. ತೆರಿಗೆಯ ಮೊತ್ತವನ್ನು ವಾಹನದ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿ ತೆಗೆದಿರಬಾರದು. ಕಾಂಪೊಸಿಷನ್ ಪದ್ಧತಿಯಲ್ಲಿರುವ ಅಂಗಡಿಯವರಿಗೆ ಜಮೆ ಇಲ್ಲವೇ ಇಲ್ಲ. ತಾಜಾ ತರಕಾರಿ, ಹೂವುಗಳಂತಹ ತೆರಿಗೆ ವಿನಾಯಿತಿಯ ಸರಕನ್ನಷ್ಟೇ ಮಾರುವ ವರ್ತಕರಿಗೂ ಇಲ್ಲ. ನಮ್ಮ ಊರಿನವರು ವಿಶೇಷವಾಗಿ ಗಮನಿಸಬೇಕಾದದ್ದು ಇನ್ನೊಂದು. 2022ರ ಏಪ್ರಿಲ್ 1ರಿಂದ ಇಟ್ಟಿಗೆ ಮತ್ತು ಮಣ್ಣಿನ ಹೆಂಚು ತಯಾರಕರಿಗೆ ಎರಡು ದಾರಿಗಳನ್ನು ಕೊಡಲಾಗಿದೆ: ಇನ್‌ಪುಟ್ ಜಮೆಯೊಂದಿಗೆ ಶೇ. 12, ಜಮೆಯಿಲ್ಲದೆ ಶೇ. 6. ಶೇ. 6ರ ದಾರಿ ಹಿಡಿದವರು ಟೆಂಪೋ ಕೊಂಡಾಗ ‘ತೆರಿಗೆ ವಾಪಸು ಬರುತ್ತದೆ’ ಎಂಬ ಲೆಕ್ಕವನ್ನು ಬಿಟ್ಟುಬಿಡಬೇಕು. ವಾರಕ್ಕೆ ಆರು ದಿನ ಸ್ಯಾಂಪಲ್ ಹೆಂಚು, ಬಿಡಿಭಾಗ, ಕೂಲಿಯವರ ಊಟದ ಸಾಮಾನು ಸಾಗಿಸಿ, ಭಾನುವಾರ ಮಾತ್ರ ಸಂಸಾರವನ್ನು ಕೂರಿಸಿಕೊಂಡು ಹೋಗುವ ದೊಡ್ಡ ಕಾರುಗಳು ನಮ್ಮಲ್ಲಿ ಎಷ್ಟೋ ಇವೆ. ಅಂತಹವರು ಒಂದು ಸಣ್ಣ ಗೂಡ್ಸ್ ವಾಹನ, ಒಂದು ಚಿಕ್ಕ ಕಾರು ಎಂದು ಎರಡಾಗಿ ಒಡೆದು ಲೆಕ್ಕ ಹಾಕಿ ನೋಡುವುದು ಒಳಿತು. ಕೆಲವರಿಗೆ ಅದೇ ಹಣದಲ್ಲಿ ಎರಡೂ ಆಗುತ್ತವೆ.

ಆದಾಯ ತೆರಿಗೆಯ ವಿಷಯದಲ್ಲಿ ಸಂಸ್ಥೆಯ ಹೆಸರಿನ ಕಾರಿಗೆ ವರ್ಷಕ್ಕೆ ಶೇ. 15ರ ಸವಕಳಿ ದೊರೆಯುತ್ತದೆ, ನಿಜ. ಆದರೆ ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಅಂದರೆ ಪೂರ್ಣ ಸವಕಳಿ ಬೇಕಾದವರು ಅಕ್ಟೋಬರ್ ಮೊದಲ ದಿನಗಳೊಳಗೆ ವಾಹನವನ್ನು ರಸ್ತೆಗಿಳಿಸಬೇಕು. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂದಿದ್ದರಿಂದ ಹಬ್ಬವೂ ಲೆಕ್ಕವೂ ಒಂದಕ್ಕೊಂದು ಕೂಡಿಬಂದವು. ಹಬ್ಬ ಅಕ್ಟೋಬರ್ ನಡುವಿಗೆ ಜಾರುವ ವರ್ಷ ಹಾಗಾಗದು. ಇನ್ನು, ಅಂದಾಜು ಲಾಭದ ಪದ್ಧತಿಯಲ್ಲಿ (ವಹಿವಾಟಿನ ಶೇ. 8 ಅಥವಾ ಶೇ. 6) ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವಿಲ್ಲ. ಅವರು ಸಂಸ್ಥೆಯ ಹೆಸರಿನಲ್ಲಿ ಕಾರು ಕೊಂಡರೆ ದಕ್ಕುವುದು ನಾಮಫಲಕದ ಸಂತೋಷ ಮಾತ್ರ. ನಗದಿನ ವಿಷಯವಾಗಿ ಒಂದೇ ಮಾತು: ಒಂದು ವ್ಯವಹಾರದಲ್ಲಿ ಎರಡು ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ಸ್ವೀಕರಿಸುವುದು 2017ರ ಏಪ್ರಿಲ್‌ನಿಂದ ನಿಷಿದ್ಧ. ಬ್ಯಾಂಕಿನ ಮೂಲಕವೇ ಕೊಡಿ.

ಇನ್ನು ಬೆಲೆಯ ಮಾತು. ಷೋರೂಮಿನವನ ರಿಯಾಯಿತಿ ನಮ್ಮ ಮುಖ ನೋಡಿ ಹುಟ್ಟುವುದಲ್ಲ, ಅವನ ಅಗತ್ಯದಿಂದ ಹುಟ್ಟುವುದು. 2017ರ ಮಾರ್ಚ್ ಕೊನೆಯ ದಿನಗಳನ್ನು ನೆನಪಿಸಿಕೊಳ್ಳಿ. ಬಿಎಸ್-3 ವಾಹನಗಳನ್ನು ಏಪ್ರಿಲ್ 1ರಿಂದ ಮಾರುವಂತಿಲ್ಲವೆಂದು ಮಾರ್ಚ್ 29ರಂದು ಸುಪ್ರೀಂ ಕೋರ್ಟು ಆದೇಶಿಸಿತು; ಎರಡೇ ದಿನಗಳಲ್ಲಿ ದ್ವಿಚಕ್ರ ವಾಹನಗಳ ಬೆಲೆ ಸಾವಿರ ಸಾವಿರಗಳ ಲೆಕ್ಕದಲ್ಲಿ ಇಳಿದು, ಅಂಗಡಿಗಳ ಮುಂದೆ ಸಾಲು ನಿಂತಿತು. ಅಂತಹ ಅವಕಾಶ ದಿನವೂ ಬಾರದು. ಆದರೆ ಸಣ್ಣ ಪ್ರಮಾಣದ ಅಗತ್ಯ ಪ್ರತಿ ತಿಂಗಳ ಕೊನೆಯಲ್ಲಿಯೂ, ಪ್ರತಿ ಆಷಾಢದಲ್ಲಿಯೂ, ಪ್ರತಿ ಪಿತೃಪಕ್ಷದಲ್ಲಿಯೂ ಬರುತ್ತದೆ. ಆ ದಿನಗಳಲ್ಲಿ ನಮ್ಮ ಜನ ಹೊಸ ವಾಹನವನ್ನು ಮನೆಗೆ ತರುವುದಿಲ್ಲ. ಡೀಲರಿಗೆ ಕಂಪನಿ ಕೊಟ್ಟ ಮಾರಾಟದ ಗುರಿ ಮಾತ್ರ ಆಷಾಢವನ್ನು ನೋಡುವುದಿಲ್ಲ. ನಾವು ಯುಗಾದಿಗೆ, ಅಕ್ಷಯ ತದಿಗೆಗೆ, ವರಮಹಾಲಕ್ಷ್ಮಿ ಹಬ್ಬಕ್ಕೆ ‘ಅಂದೇ ಕೈಗೆ ಬೇಕು’ ಎಂದು ಹೋಗಿ ನಿಂತರೆ, ಚೌಕಾಸಿಯ ಬೀಗದ ಕೈಯನ್ನು ನಾವೇ ಅವರಿಗೆ ಕೊಟ್ಟಂತಾಯಿತು. ಸಂಪ್ರದಾಯವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಆಷಾಢದಲ್ಲಿ ದರವನ್ನು ಬರೆಸಿಕೊಂಡು ಮುಂಗಡ ಕೊಟ್ಟು, ಶ್ರಾವಣದಲ್ಲಿ ವಾಹನವನ್ನು ತಂದು ಚಿಕ್ಕತಿರುಪತಿಗೋ ಕುರುಡುಮಲೆಗೋ ಒಯ್ದು ಪೂಜೆ ಮಾಡಿಸಿದರೆ ದೇವರೇನೂ ಬೇಸರಪಡಲಾರ. ಆದರೆ ಅಂದಿನ ದರವೇ ವಿತರಣೆಯ ದಿನದವರೆಗೂ ನಿಲ್ಲುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಬೇಕು.

ಸಂಪ್ರದಾಯವೇ ಲಾಭ ತಂದ ವರ್ಷವೂ ಉಂಟು. 2025ರ ಪಿತೃಪಕ್ಷ ಸೆಪ್ಟೆಂಬರ್ 21ರ ಮಹಾಲಯ ಅಮಾವಾಸ್ಯೆಗೆ ಮುಗಿದು, ನವರಾತ್ರಿಯ ಮೊದಲ ದಿನವಾದ 22ರಿಂದಲೇ ಹೊಸ ಜಿಎಸ್‌ಟಿ ದರಗಳು ಜಾರಿಗೆ ಬಂದವು. ಶೇ. 28 ಮತ್ತು ಅದರ ಮೇಲೆ ಪರಿಹಾರ ಉಪಕರ ತೆರುತ್ತಿದ್ದ ಚಿಕ್ಕ ಕಾರುಗಳು (ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಹಾಗೂ 1500 ಸಿಸಿವರೆಗಿನ ಡೀಸೆಲ್ ಕಾರುಗಳು) ಶೇ. 18ಕ್ಕೆ ಇಳಿದವು. ಗೂಡ್ಸ್ ವಾಹನಗಳೂ ಶೇ. 28ರಿಂದ ಶೇ. 18ಕ್ಕೆ ಬಂದವು. ದೊಡ್ಡ ಕಾರುಗಳಿಗೆ ಉಪಕರ ಹೋಗಿ ಶೇ. 40ರ ಒಂದೇ ದರವಾಯಿತು. ಬ್ಯಾಟರಿ ವಾಹನಗಳು ಶೇ. 5ರಲ್ಲಿಯೇ ಉಳಿದವು. ಪಿತೃಪಕ್ಷವೆಂದು ತಡೆದವರು ಆ ಬಾರಿ ಗೆದ್ದರು.

ನಮ್ಮ ರಾಜ್ಯದಲ್ಲಿ ಬೆಲೆಯ ಜೊತೆಗೆ ಜೀವಿತಾವಧಿ ತೆರಿಗೆಯನ್ನೂ ಒಟ್ಟಿಗೆ ನೋಡಬೇಕು. ಕರ್ನಾಟಕದ ಈ ತೆರಿಗೆ ದೇಶದಲ್ಲಿಯೇ ಹೆಚ್ಚಿನವುಗಳಲ್ಲೊಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಐದು ಲಕ್ಷದವರೆಗೆ ಶೇ. 13, ಹತ್ತು ಲಕ್ಷದವರೆಗೆ ಶೇ. 14, ಇಪ್ಪತ್ತು ಲಕ್ಷದವರೆಗೆ ಶೇ. 17, ಅದಕ್ಕೂ ಮೇಲೆ ಶೇ. 18, ತೆರಿಗೆಯ ಮೇಲೆ ಮತ್ತೆ ಶೇ. 11 ಉಪಕರ. ಈ ದರ ಗಡಿ ದಾಟಿದ ಭಾಗಕ್ಕೆ ಮಾತ್ರವಲ್ಲ, ಇಡೀ ಬೆಲೆಗೆ ಅನ್ವಯಿಸುತ್ತದೆ. 9,90,000 ರೂ. ಕಾರಿಗೆ ಉಪಕರ ಸೇರಿ ತೆರಿಗೆ 1,53,846 ರೂ.; 10,10,000 ರೂ. ಕಾರಿಗೆ 1,90,587 ರೂ. ಬೆಲೆಯಲ್ಲಿ ಇಪ್ಪತ್ತು ಸಾವಿರದ ಅಂತರ, ತೆರಿಗೆಯಲ್ಲಿ 36,741 ರೂ. ಅಂತರ! ಹತ್ತು ಲಕ್ಷ ಮೀರಿದ ವಾಹನಕ್ಕೆ ಶೇ. 1ರ ಟಿಸಿಎಸ್ ಕೂಡ ಕಟ್ಟಬೇಕು. ಅದನ್ನು ಆದಾಯ ತೆರಿಗೆಯಲ್ಲಿ ಜಮೆ ಪಡೆಯಬಹುದು, ಆದರೆ ಎಷ್ಟೋ ಮಂದಿ ಆಡಿಟರಿಗೆ ತಿಳಿಸಲು ಮರೆತು ಕಳೆದುಕೊಳ್ಳುತ್ತಾರೆ. ಹತ್ತು ಲಕ್ಷದ ಆಸುಪಾಸಿನಲ್ಲಿ ಒಂದು ಮೇಲಿನ ದರ್ಜೆಯ ಮಾದರಿಗೆ ಆಸೆಪಡುವಾಗ ಈ ಗಡಿಯನ್ನು ನೆನಪಿಡುವುದು ಯಾವ ಚೌಕಾಸಿಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಮಾಲೂರಿಗೆ ಹೊಸಕೋಟೆಯಷ್ಟೇ ಹೊಸೂರೂ ಹತ್ತಿರ. ಆದ್ದರಿಂದ ಗಡಿಯಾಚೆ ಕೊಂಡರೆ ಅಗ್ಗವೆಂಬ ಮಾತು ಆಗಾಗ ಕೇಳಿಬರುತ್ತದೆ. ವಾಹನ ನೋಂದಣಿಯಾಗಬೇಕಾದದ್ದು ಮಾಲೀಕನು ವಾಸಿಸುವ ಅಥವಾ ವ್ಯಾಪಾರ ನಡೆಸುವ ಮತ್ತು ವಾಹನ ಸಾಮಾನ್ಯವಾಗಿ ಇರುವ ರಾಜ್ಯದಲ್ಲಿ. ನಮ್ಮ ಮಟ್ಟಿಗೆ ಅದು ಕೆಎ-07ರ ಕೋಲಾರ ಕಚೇರಿ. ಹಾಗಾಗಿ ಇಲ್ಲಿಯ ಜೀವಿತಾವಧಿ ತೆರಿಗೆ ತಪ್ಪುವುದಿಲ್ಲ. ಗೂಡ್ಸ್ ವಾಹನವನ್ನು ಅಲ್ಲಿ ಕೊಂಡು ಬಿಲ್ಲಿನಲ್ಲಿ ತಮಿಳುನಾಡಿನ ರಾಜ್ಯ ಜಿಎಸ್‌ಟಿ ಹಾಕಿಸಿಕೊಂಡರೆ ಕರ್ನಾಟಕದ ನೋಂದಣಿಯಲ್ಲಿ ಅದರ ಜಮೆ ಸಿಗದು; ಬಿಲ್ಲಿನಲ್ಲಿ ಐಜಿಎಸ್‌ಟಿ ಇರಬೇಕು. ಮುಂಗಡ ಕೊಡುವ ಮೊದಲೇ ಬಿಲ್ಲು ಯಾವ ಬಗೆಯದೆಂದು ಬರೆಸಿಕೊಂಡು ಆಡಿಟರಿಗೆ ತೋರಿಸಿ.

ಸಾಲದ ಮಾತಿಗೆ ಬಂದರೆ, ವರ್ತಕರು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ ಎಂದು ನನ್ನ ಅನುಭವ. ‘ಶೇ. 7ರ ಫ್ಲ್ಯಾಟ್ ದರ’ ಎಂದರೆ ಅಗ್ಗವೆಂದು ತೋರುತ್ತದೆ. ಆರು ಲಕ್ಷ ರೂ. ಸಾಲಕ್ಕೆ ಐದು ವರ್ಷಕ್ಕೆ ಬಡ್ಡಿ 2,10,000 ರೂ., ತಿಂಗಳ ಕಂತು 13,500 ರೂ. ಆದರೆ ಪ್ರತಿ ತಿಂಗಳೂ ಅಸಲು ತೀರುತ್ತಾ ಹೋದರೂ ಬಡ್ಡಿಯನ್ನು ಮಾತ್ರ ಮೊದಲಿನ ಆರು ಲಕ್ಷಕ್ಕೇ ಹಾಕಲಾಗಿರುತ್ತದೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ಶೇ. 12.5ರ ಸಾಲ. ಶೇ. 10ರ ಇಳಿಕೆ ಬಾಕಿಯ ದರ ಹೇಳುವ ಬ್ಯಾಂಕಿಗಿಂತ ಇದು ದುಬಾರಿ. ಕೈಸಾಲದಲ್ಲಿ ನೂರಕ್ಕೆ ಒಂದು ರೂಪಾಯಿಯೋ ಒಂದೂವರೆಯೋ ಎಂದು ಬಾಯಿಲೆಕ್ಕದಲ್ಲಿ ಹೇಳಬಲ್ಲ ನಮಗೆ ಈ ಲೆಕ್ಕ ತಿಳಿಯದ್ದೇನಲ್ಲ, ಕೇಳುವ ಅಭ್ಯಾಸವಿಲ್ಲ. 2024ರ ಅಕ್ಟೋಬರ್ 1ರಿಂದ ವೈಯಕ್ತಿಕ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೂ, ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ತೋರಿಸುವ ‘ಮುಖ್ಯಾಂಶಗಳ ಪತ್ರ’ವನ್ನು ಸಾಲಗಾರನಿಗೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಷೋರೂಮಿನ ಮೇಜಿನ ಮೇಲಿನ ಸಾಲಕ್ಕೂ ನಮ್ಮ ಖಾತೆಯಿರುವ ಬ್ಯಾಂಕಿನ ಸಾಲಕ್ಕೂ ಈ ಪತ್ರವನ್ನು ಕೇಳಿ, ಪಕ್ಕಪಕ್ಕದಲ್ಲಿಟ್ಟು ಓದಿ. ಬ್ಯಾಂಕಿನ ಮಂಜೂರಾತಿ ಕೈಯಲ್ಲಿ ಹಿಡಿದು ಷೋರೂಮಿಗೆ ಹೋದವನ ಜೊತೆ ಅವರು ಮಾತನಾಡುವ ಧಾಟಿಯೇ ಬೇರೆ.

ವಿಮೆಯನ್ನು ಷೋರೂಮಿನಲ್ಲಿಯೇ ಮಾಡಿಸಬೇಕೆಂಬ ನಿಯಮವಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ, ನಿಜ. ಆದರೆ ಸ್ವಂತ ಹಾನಿಯ ವಿಮೆಯನ್ನು ಒಂದು ವರ್ಷಕ್ಕೆ ಮಾತ್ರ ಕೊಳ್ಳಬಹುದು. ಎರಡು ಕಂಪನಿಗಳ ದರ ತಂದು ತೋರಿಸಿದರೆ ಷೋರೂಮಿನ ವಿಮೆಯೂ ತಾನಾಗಿ ಇಳಿಯುತ್ತದೆ. ಹ್ಯಾಂಡ್ಲಿಂಗ್ ಚಾರ್ಜಿನ ವಿಷಯದಲ್ಲಿ, ‘ಯಾವ ನಿಯಮದಡಿ ಎಂದು ರಸೀದಿಯಲ್ಲಿ ಬರೆದುಕೊಡಿ’ ಎಂದು ಶಾಂತವಾಗಿ ಕೇಳಿದರೆ ಸಾಕು.

ಹಳೆಯ ಕಾರನ್ನು ಎಕ್ಸ್‌ಚೇಂಜಿಗೆ ಕೊಡುವವರು ಮೊದಲು ಹೊರಗಡೆ ಇಬ್ಬರಿಂದಲಾದರೂ ಬೆಲೆ ಕಟ್ಟಿಸಬೇಕು. ಹೊಸ ಕಾರಿನ ದರ ಇತ್ಯರ್ಥವಾಗುವವರೆಗೆ ಹಳೆಯದರ ಪ್ರಸ್ತಾಪವನ್ನೇ ಎತ್ತಬಾರದು. ಜಿಎಸ್‌ಟಿ ನೋಂದಣಿ ಇರುವ ಸಂಸ್ಥೆಯ ಹೆಸರಿನ ಹಳೆಯ ಕಾರಾಗಿದ್ದರೆ ಅದರ ಮಾರಾಟಕ್ಕೂ ತೆರಿಗೆ ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಪುಸ್ತಕದಲ್ಲಿ ಸವಕಳಿ ಕಳೆದು ಉಳಿದ ಬೆಲೆ 1,80,000 ರೂ., ಎಕ್ಸ್‌ಚೇಂಜ್ ಬೆಲೆ 2,50,000 ರೂ. ಎಂದಾದರೆ ನಡುವಿನ 70,000 ರೂ. ಮೇಲೆ ಶೇ. 18ರಂತೆ 12,600 ರೂ. ಕಟ್ಟಬೇಕಾಗುತ್ತದೆ. ಉಳಿದ ಬೆಲೆಗಿಂತ ಕಡಿಮೆಗೆ ಹೋದರೆ ತೆರಿಗೆಯಿಲ್ಲ. (ಇನ್‌ಪುಟ್ ಜಮೆ ಪಡೆದ ಗೂಡ್ಸ್ ವಾಹನದ ಲೆಕ್ಕ ಬೇರೆ.)

ಇದಕ್ಕಿಂತ ಗುರುತರವಾದದ್ದು ಹೆಸರು ವರ್ಗಾವಣೆ. ಕಾರನ್ನು ಕೊಟ್ಟು ಬಂದ ಮಾತ್ರಕ್ಕೆ ಅದು ನಮ್ಮದಲ್ಲವೆಂದಾಗದು. ವಾಹನ ಯಾರ ಕೈಗೆ ಹೋಗಿದ್ದರೂ, ನೋಂದಣಿ ಪುಸ್ತಕದಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಆ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗಿತ್ತು. ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಹಳೆಯ ಕಾರಿನಿಂದ ಬರುವ ಎರಡು ಲಕ್ಷಕ್ಕಾಗಿ ಕಾರ್ಖಾನೆಯನ್ನೇ ಒತ್ತೆಯಿಟ್ಟಂತಾಗಬಾರದಷ್ಟೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಅಧಿಕೃತ ಪರವಾನಗಿ ಪಡೆದ ಹಳೆಯ ವಾಹನಗಳ ವ್ಯಾಪಾರಿಗೆ ಕೊಟ್ಟಾಗ ನಮೂನೆ 29ಸಿ ಮೂಲಕ ನೋಂದಣಿ ಕಚೇರಿಗೆ ಮಾಹಿತಿ ಸಲ್ಲಿಸಿ ಹೊಣೆಯನ್ನು ಅವರಿಗೆ ದಾಟಿಸಬಹುದು. ಅದರ ಸ್ವೀಕೃತಿ ಕೈಗೆ ಬಾರದೆ ಬೀಗದ ಕೈಯನ್ನು ಕೊಡಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಹೊಸ ವಾಹನವನ್ನು ತರುವ ದಿನ ಹೂವಿನ ಹಾರಕ್ಕೆ ಮೊದಲು ನಮೂನೆ 21ರ ಮಾರಾಟ ಪತ್ರವನ್ನು ನೋಡಿ. ತಯಾರಾದ ತಿಂಗಳು, ವರ್ಷ ಅದರಲ್ಲಿರುತ್ತದೆ. ಚಾಸಿಸ್ ಸಂಖ್ಯೆಯನ್ನು ವಾಹನದ ಮೇಲಿನದಕ್ಕೆ ತಾಳೆ ನೋಡಿ. ಜನವರಿಯಲ್ಲಿ ಕೊಂಡದ್ದು ಹಿಂದಿನ ವರ್ಷದ ತಯಾರಿಕೆಯಾದರೆ ಮಾರುವಾಗ ಒಂದು ವರ್ಷ ಹಳೆಯದೆಂದೇ ಬೆಲೆ ಕಟ್ಟುತ್ತಾರೆ. ಆ ನಷ್ಟಕ್ಕೆ ತಕ್ಕ ರಿಯಾಯಿತಿ ಮೊದಲೇ ಬಂದಿರಬೇಕು.

ಕೊನೆಯದಾಗಿ ನಮ್ಮ ವಾಣಿಜ್ಯ ಸಂಸ್ಥೆಯ ಆಡಳಿತ ಮಂಡಳಿಯವರಲ್ಲಿ ಒಂದು ಸೂಚನೆ. ಒಬ್ಬೊಬ್ಬರೇ ಹೋಗಿ ಕೊಳ್ಳುವ ಬದಲು, ಆಷಾಢಕ್ಕೆ ಒಂದು ತಿಂಗಳು ಮುಂಚೆ ಯಾವ ಸದಸ್ಯರಿಗೆ ಯಾವ ವಾಹನ ಬೇಕೆಂದು ಪಟ್ಟಿ ಮಾಡಿ, ಕೋಲಾರ, ಹೊಸಕೋಟೆ, ಕೃಷ್ಣರಾಜಪುರದ ಡೀಲರುಗಳಿಂದ ಬೆಲೆ, ವಿಮೆ, ಸಲಕರಣೆಗಳನ್ನು ಬಿಡಿಬಿಡಿಯಾಗಿ ತೋರಿಸಿದ ಲಿಖಿತ ದರಪಟ್ಟಿಯನ್ನು ಸಂಸ್ಥೆಯ ಹೆಸರಿನಲ್ಲಿಯೇ ತರಿಸಬಾರದೇಕೆ? ಹತ್ತು ವಾಹನಗಳ ಖರೀದಿದಾರನಿಗೆ ಸಿಗುವ ದರ ಒಂದು ವಾಹನದವನಿಗೆ ಸಿಗದೆಂಬುದನ್ನು ಲೋಡಿನ ಲೆಕ್ಕದಲ್ಲಿ ಮಾರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಆಗುವವರೆಗೆ, ಸದಸ್ಯರು ತಾವು ಕೊಂಡ ವಾಹನದ ಅಂತಿಮ ಬಿಲ್ಲಿನ ಪ್ರತಿಯನ್ನು ಹೆಸರು ಮರೆಮಾಡಿ ಸಂಸ್ಥೆಯ ಕಚೇರಿಯಲ್ಲಿ ಒಂದು ಕಡತದಲ್ಲಿ ಇರಿಸಿದರೂ ಸಾಕು, ಮುಂದೆ ಕೊಳ್ಳುವವರು ನೋಡಿಕೊಂಡು ಹೋಗಬಹುದು. ನನ್ನ 2012ರ ಬಿಲ್ಲನ್ನು, ಆಡಿಟರು ಕೆಂಪು ಶಾಯಿಯಲ್ಲಿ ಹಾಕಿದ ಗುರುತುಗಳ ಸಮೇತ, ಆ ಕಡತದ ಮೊದಲ ಹಾಳೆಯಾಗಿ ಕೊಡಲು ಸಿದ್ಧನಿದ್ದೇನೆ.